ಚಿತ್ರ ಕಾಣದವರಿಗೆ

"ಫೋಟೋ ಒಂದೂ ಕಾಣಿಸ್ತಿಲ್ಲ ಕಣೆ," ಎಂದು ರಜೆಯೆಂದು ಮನೆಯಲ್ಲಿದ್ದ ಗಂಡ ಫೋನಿನಲ್ಲಿ ಹೇಳಿದಾಗ ಅವಳು ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಯಾರದೋ ನೀಲಿ ಕೋಟಿನ ಜೇಬು ತಡಕುತ್ತಿದ್ದಳು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಇರಲಿ ಬಿಡಿ, ಸಂಜೆ ಬಂದು ನೋಡುತ್ತೇನೆ ಅಂದಳು. ಗಂಡನ ಬ್ಲಾಗು ಇದ್ದ ಹಳೆಯ ಕಂಪನಿ ಬಾಗಿಲು ಹಾಕುವುದಾಗಿ ತಿಳಿಸಿತ್ತು. ಎಲ್ಲವನ್ನೂ ಹೊಸ ಕಂಪನಿಯ ಜಾಗಕ್ಕೆ ಸಾಗಿಸುವ ಕೆಲಸವನ್ನು ಅವಳು ಅಂದು ಬೆಳಿಗ್ಗೆ, ಅಂಗಡಿಗೆ ಹೊರಡುವ ಗಡಿಬಿಡಿಯಲ್ಲೇ ಮುಗಿಸಿ ಬಂದಿದ್ದಳು. ಮನೆ ಬದಲಾಯಿಸಿದ ದಿನ ಒಂದೆರಡು ಪಾತ್ರೆ ಕೈಗೆ ಸಿಗದಿರುವುದು ಇದ್ದದ್ದೇ. ಅವಳೇನೂ ಗಾಬರಿಯಾಗಲಿಲ್ಲ.

"ಅದಲ್ಲ ವಿಷ್ಯ. ಫೋಟೋ ಇರ್ಬೇಕಾದ ಜಾಗದಲ್ಲಿ ಏನೇನೋ ಬರ್ದಿದೆ. ಕೇಳು. ‘ಹದಿನಾಲ್ಕು ಮೆಟ್ಟಿಲು, ಕಲ್ಲಿನವು, ಮಧ್ಯೆ ಸವೆದಿವೆ. ಇವರು ಮಂಡಿಯೂರಿ ಇಪ್ಪತ್ತು ನಿಮಿಷವಾಯಿತು. ಹತ್ತುವವರು ಇಬ್ಬರು ಕಾಯುತ್ತಿದ್ದಾರೆ. ನಾನು ಇವರ ಪರಿಚಯವೇ ಇಲ್ಲದವಳ ಹಾಗೆ ನಿಂತಿದ್ದೇನೆ.’ ಯಾರೇ ಬರ್ದಿದ್ದು ಇದು?"

ಗಿರಾಕಿ ಬಂದರು, ಆಮೇಲೆ ಮಾಡುತ್ತೇನೆ ಎಂದು ಸುಳ್ಳು ಹೇಳಿ ಫೋನಿಟ್ಟಳು. ಅಂಗಡಿಯಲ್ಲಿ ಗಿರಾಕಿ ಹೋಗಲಿ, ನೊಣ ಕೂಡ ಇರಲಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಆರು ದಿನ ಜನರನ್ನು ಮೆಟ್ಟಿಲು ಹತ್ತದಂತೆ ಇಳಿಯದಂತೆ ಕಾಪಾಡಿ, ಏಳನೆಯ ದಿನ ಮೆಟ್ಟಿಲುಗಳ ಫೋಟೋ ತೆಗೆಯಲು ಹೊರಡುವ ಇಂಥವನು ಭೂಮಿಯ ಮೇಲೆ ಇನ್ನೊಬ್ಬನಿರಲಾರ. ಜೊತೆಯ ಮೆಕ್ಯಾನಿಕ್‌ಗಳು ಅವನಿಗೆ ಮೆಟ್ಟಿಲಪ್ಪ ಎಂದು ಹೆಸರಿಟ್ಟಿದ್ದರು. ಹನ್ನೊಂದು ವರ್ಷದಿಂದ ಅವನು ಬ್ಲಾಗು ಬರೆಯುತ್ತಿದ್ದ. ಮೆಟ್ಟಿಲಿನ ಎತ್ತರ, ಅಗಲ, ಕೈಹಿಡಿಕೆಯ ಮರ, ಮೇಸ್ತ್ರಿ ಎಲ್ಲಿ ಕೈಚಳಕ ತೋರಿದ, ಎಲ್ಲಿ ಮೈಗಳ್ಳತನ ಮಾಡಿದ, ಎಲ್ಲವೂ ಅದರಲ್ಲಿತ್ತು. ಬರೆಯುವುದು, ಫೋಟೋ ತೆಗೆಯುವುದು ಅವನದು. ಬರೆದದ್ದನ್ನು ಏರಿಸುವುದು, ಫೋಟೋಗಳ ತೂಕ ಇಳಿಸುವುದು, ಬೊಕ್ಕತಲೆಗೆ ಎಣ್ಣೆ ಮಾರಲು ಬರುವ ಕಳ್ಳ ಕಾಮೆಂಟುಗಳನ್ನು ಗುಡಿಸಿ ಹಾಕುವುದು, ತಿಂಗಳಿಗೊಮ್ಮೆ ಎಲ್ಲದರ ನಕಲು ತೆಗೆದಿಡುವುದು ಅವಳದು. ಅವಳಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಮೂರು ಸಲ ಇಡೀ ಬ್ಲಾಗನ್ನು ಕೆಡಿಸಿ, ಮೂರು ಸಲ ಅತ್ತು, ತಾನೇ ಕಲಿತಿದ್ದಳು. ಅವನು ಮಾತ್ರ, ಪಾಸ್‌ವರ್ಡು ಕೊಟ್ಟು ಹೋಗಬೇಕಾದ ಬ್ಲಾಗಿನ ಒಳಮನೆಗೆ ಒಮ್ಮೆಯೂ ಕಾಲಿಟ್ಟವನಲ್ಲ.

ಆ ಒಳಮನೆಯಲ್ಲಿ, ಪ್ರತಿ ಫೋಟೋದ ಪಕ್ಕಕ್ಕೂ ಒಂದು ಪುಟ್ಟ ಖಾಲಿ ಚೌಕವಿತ್ತು. ‘ಚಿತ್ರ ಕಾಣದವರಿಗೆ ವಿವರಣೆ’ ಎಂದು ಅದರ ಮೇಲೆ ಬರೆದಿತ್ತು. ಅಲ್ಲಿ ಬರೆದದ್ದು ಪುಟದ ಮೇಲೆ ಯಾರಿಗೂ ಕಾಣುವುದಿಲ್ಲ. ಫೋಟೋ ಬಂದರೆ ಅದು ಫೋಟೋದ ಹಿಂದೆ ಅಡಗಿಕೊಳ್ಳುತ್ತದೆ, ಫೋಟೋ ಬರದಿದ್ದರೆ ಮಾತ್ರ ಹೊರಗೆ ಕಾಣುತ್ತದೆ. ಮೊದಮೊದಲು ಅವಳು ‘ಮೆಟ್ಟಿಲು’ ಎಂದು ಬರೆದಳು. ಆಮೇಲೆ ‘ಮತ್ತೆ ಮೆಟ್ಟಿಲು’ ಎಂದು ಬರೆದಳು. ಹಾಗೆ ಬರೆಯುವುದು ಅವಳ ಕೈಗೇ ಒಗ್ಗಲಿಲ್ಲ. ಅಂಗಡಿಯಲ್ಲಿ ಪ್ರತಿ ಬಟ್ಟೆಗೂ ಚೀಟಿ ಬರೆದು ಪಿನ್ನು ಚುಚ್ಚುವವಳು ಅವಳು. ಕಂದು ಕೋಟು, ಎಡ ಮೊಣಕೈ ಸವೆದಿದೆ, ಎರಡನೇ ಗುಂಡಿ ಬೇರೆ ದಾರದ್ದು, ಕಾಲರಿನ ಕಲೆ ನಮ್ಮದಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಿಡದಿದ್ದರೆ ಗಿರಾಕಿ ನಾಳೆ ಕೊರಳಪಟ್ಟಿ ಹಿಡಿಯುತ್ತಾನೆ. ಆ ಅಭ್ಯಾಸಬಲದಿಂದ ಮೆಟ್ಟಿಲುಗಳಿಗೂ ಚೀಟಿ ಬರೆಯತೊಡಗಿದಳು. ಬರೆಯುತ್ತ ಬರೆಯುತ್ತ ಮೆಟ್ಟಿಲಿನ ಜೊತೆಗೆ ಮೆಟ್ಟಿಲಪ್ಪನೂ ಚೀಟಿಯೊಳಗೆ ಬಂದ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ, ಯಾರೂ ಓದುವುದಿಲ್ಲವೆಂಬ ಧೈರ್ಯದಲ್ಲಿ ಅವಳು ಹತ್ತಿರ ಹತ್ತಿರ ಸಾವಿರ ಚೀಟಿ ಬರೆದಳು.

ಓದುವವರೊಬ್ಬರು ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ, ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಹಿರಿಯರು. ಅವರ ಕಂಪ್ಯೂಟರು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಫೋಟೋ ಬಂದಲ್ಲಿ ಅವಳ ಚೀಟಿಯನ್ನು ಓದುತ್ತಿತ್ತು. ನಾಲ್ಕು ವರ್ಷದ ಹಿಂದೆ ಅವರು ಅವಳಿಗೊಂದು ಪತ್ರ ಬರೆದಿದ್ದರು. ಯಜಮಾನರ ಬರಹ ಗಟ್ಟಿಯಾದದ್ದು ತಾಯಿ, ಆದರೆ ಫೋಟೋ ಬಂತು ಅಂದರೆ ನಾನು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೇನೆ, ಎಂದಿದ್ದರು. ಆ ಪತ್ರ ಓದಿ ಅವಳು ಮೂರು ದಿನ ನೆಲದ ಮೇಲೆ ನಡೆಯಲಿಲ್ಲ. ಗಂಡನಿಗೆ ಮಾತ್ರ ಹೇಳಲಿಲ್ಲ.

ಹೇಳದಿರಲು ಕಾರಣವಿತ್ತು. ಬ್ಲಾಗು ಶುರುವಾದ ಹೊಸದರಲ್ಲಿ, ಅವನ ಕಂಪನಿಯ ಊಟದ ದಿನ ಅವಳು ನಾಲ್ಕು ಜನರ ಮುಂದೆ, ಇವರು ನನ್ನನ್ನು ನೋಡಲು ಬಂದಾಗಲೂ ಮೊದಲು ನೋಡಿದ್ದು ನಮ್ಮನೆ ಮೆಟ್ಟಿಲನ್ನೇ, ಎಂದು ತಮಾಷೆ ಮಾಡಿದ್ದಳು. ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಐದು ತಿಂಗಳು ಕ್ಯಾಮೆರಾ ಚೀಲದಿಂದ ಹೊರಗೆ ಬರಲಿಲ್ಲ. ರಜೆಯ ದಿನಗಳಲ್ಲಿ ಅವನು ಕಿಟಕಿಯ ಬಳಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದುದನ್ನು ನೆನೆದರೆ ಅವಳಿಗೆ ಈಗಲೂ ಸಂಕಟವಾಗುತ್ತಿತ್ತು. ಈ ಸಲ ನಾಲ್ಕು ಜನರಲ್ಲ, ಊರಿಗೆ ಊರೇ ಓದಬಹುದಾದ ಜಾಗದಲ್ಲಿ ಅವಳ ತಮಾಷೆ ಬಿದ್ದಿತ್ತು.

ತಮಾಷೆಯಾದರೂ ಹೋಗಲಿ. ಆ ಚೀಟಿಗಳ ನಡುವೆ ತಮಾಷೆಯಲ್ಲದ್ದೊಂದಿತ್ತು.

ಆರು ವರ್ಷದ ಹಿಂದೆ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಅದಾಗಿ ತಿಂಗಳ ಮೇಲೆ ಗಂಡ ಒಂದು ಬರಹ ಕೊಟ್ಟ. ಆಸ್ಪತ್ರೆಯ ಹಿಂಬದಿಯ ಮೆಟ್ಟಿಲು, ಒಂದೇ ಫೋಟೋ. ಅದು ಯಾವ ದಿನದ ಫೋಟೋ ಎಂದು ಅವಳು ಒಳಮನೆಯಲ್ಲಿ ನೋಡಿದಳು. ಗಂಟೆ, ನಿಮಿಷ ಸಮೇತ ನಮೂದಾಗಿತ್ತು. ಮನಸ್ಸಿಗೆ ಬಂದದ್ದನ್ನು ಚೌಕದಲ್ಲಿ ಬರೆದು, ಕಂಪ್ಯೂಟರು ಮುಚ್ಚಿ, ಅಡುಗೆಮನೆಗೆ ಹೋಗಿದ್ದಳು. ಅಳಿಸಬೇಕೆಂದು ಎಷ್ಟೋ ಸಲ ತೆರೆದಿದ್ದಳು. ಅಳಿಸಲು ಮನಸ್ಸು ಬರಲಿಲ್ಲ.

ಈಗ ಅವನು ಹೊಸತರಿಂದ ಹಳತಕ್ಕೆ ಓದುತ್ತ ಹೋಗುತ್ತಿದ್ದ. ಆ ಪುಟ ಸಿಗಬೇಕಾದರೆ ಕೆಳಗಿನ ‘ಹಳೆಯವು’ ಎಂಬುದನ್ನು ಮೂವತ್ತು ಸಲವಾದರೂ ಒತ್ತಬೇಕು. ಅವನದು ನಿಧಾನದ ಓದು. ಸರಿಪಡಿಸುವ ಪಾಸ್‌ವರ್ಡು ಅಡುಗೆಮನೆಯ ಡ್ರಾಯರಿನ ಪುಸ್ತಕದಲ್ಲಿತ್ತು, ಅವನಿಗೆ ಹೇಳಿ ಮಾಡಿಸುವಂತಿರಲಿಲ್ಲ. ಅವಳು ಮತ್ತೆ ಫೋನು ಮಾಡಿ, ಅದನ್ನು ಮುಟ್ಟಬೇಡಿ, ಹಾಗೇ ಮುಚ್ಚಿಡಿ, ಏನಾದರೂ ಹೆಚ್ಚುಕಡಿಮೆಯಾದೀತು ಅಂದಳು.

"ನಾನೇನು ಮುಟ್ಟಲ್ಲ," ಅಂದ ಅವನು. "ಬರೀ ಓದ್ತಿದೀನಿ."

ಅಂಗಡಿಯ ಯಜಮಾನಿ ಅವಳ ಮುಖ ನೋಡಿ, ಯಾರಿಗೆ ಏನಾಯಿತು ಎಂದು ಕೇಳಿದರು. ಏನಿಲ್ಲ ಅಮ್ಮಾ, ಸ್ವಲ್ಪ ಬೇಗ ಹೋಗಬೇಕು ಅಂದಳು. ಹನ್ನೆರಡು ವರ್ಷದಲ್ಲಿ ಎಂದೂ ಬೇಗ ಹೋಗದವಳು ಕೇಳಿದ್ದಕ್ಕೇ ಇರಬೇಕು, ಅವರು ನೀಲಿ ಕೋಟನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಚೀಟಿ ಬರೆಯಲು ಕುಳಿತರು.

ಬಸ್ಸಿನಲ್ಲಿ ಅವಳಿಗೆ ತಪ್ಪು ಹೊಳೆಯಿತು. ಅವಸರದಲ್ಲಿ ಫೋಟೋಗಳ ಫೋಲ್ಡರನ್ನು ಇನ್ನೊಂದು ಫೋಟೋಗಳ ಫೋಲ್ಡರಿನ ಒಳಗಿಟ್ಟುಬಿಟ್ಟಿದ್ದಳು. ಬ್ಲಾಗು ಹೊರಗಿನ ಡಬ್ಬಿಯನ್ನು ತೆರೆದು ನೋಡುತ್ತದೆ, ಅಲ್ಲಿ ಇನ್ನೊಂದು ಡಬ್ಬಿ ಬಿಟ್ಟರೆ ಬೇರೇನಿಲ್ಲ. ಎರಡು ನಿಮಿಷದ ಕೆಲಸ. ಎರಡು ನಿಮಿಷದ ಕೆಲಸಕ್ಕೆ ಬಸ್ಸು ಎಲ್ಲ ನಿಲ್ದಾಣದಲ್ಲೂ ನಿಂತು ನಿಂತು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಸಿಟ್ಟಾಗಲಿ, ಬೈಯಲಿ, ಕ್ಯಾಮೆರಾ ಮಾತ್ರ ಚೀಲಕ್ಕೆ ಸೇರದಿರಲಿ ಎಂದು ಅವಳು ದಾರಿಯುದ್ದಕ್ಕೂ ಬೇಡಿಕೊಂಡಳು.

ಅವನು ಊಟದ ಮೇಜಿನ ಮುಂದೆ ಕೂತಿದ್ದ. ಅವಳು ಮಾಡಿಟ್ಟುಹೋಗಿದ್ದ ಊಟ ಮುಚ್ಚಿದ ಹಾಗೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಬಾಯಿ ಬಿಡುವ ಮೊದಲೇ ಅವಳು ತಾನೇ ಶುರುಮಾಡಿದಳು. ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ, ನಗೆಪಾಟಲು ಮಾಡಬೇಕೆಂದಲ್ಲ, ಈಗಲೇ ಎಲ್ಲ ತೆಗೆದುಬಿಡುತ್ತೇನೆ ಎಂದಳು. ಕಣ್ಣು ಕಾಣದ ಹಿರಿಯರ ಪತ್ರದ ವಿಷಯವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅವನು ಅದೊಂದನ್ನು ಮಾತ್ರ ಇನ್ನೊಮ್ಮೆ ಹೇಳಿಸಿಕೊಂಡ. ತನ್ನ ಬರಹಕ್ಕೆ ಹನ್ನೊಂದು ವರ್ಷದಲ್ಲಿ ಅಂಥ ಪತ್ರ ಒಂದೂ ಬಂದಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಆದರೆ ಆ ಮುಖದಲ್ಲಿ ಮತ್ಸರವಿರಲಿಲ್ಲ, ಅಂಥದ್ದು ಅವನಿಗೆ ಗೊತ್ತೂ ಇರಲಿಲ್ಲ.

"ಚೆನ್ನಾಗಿ ಬರೀತೀಯ," ಅಂದ. "ನಾನು ಅಳತೆ ಬರ್ದಿದೀನಿ. ನೀನು ಮೆಟ್ಟಿಲು ಬರ್ದಿದೀಯ."

ಅವಳು ಡ್ರಾಯರಿನಿಂದ ಪುಸ್ತಕ ತಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡಾಗಲೇ ಕಂಡದ್ದು. ಅವನು ಆ ಪುಟದಲ್ಲೇ ನಿಂತಿದ್ದ. ಬೂದು ಬಣ್ಣದ ಖಾಲಿ ಚೌಕಟ್ಟು, ಅದರೊಳಗೆ ಅವಳ ಸಾಲುಗಳು.

‘ಆಸ್ಪತ್ರೆಯ ಹಿಂಬದಿಯ ಮೆಟ್ಟಿಲು. ಮೊಸಾಯಿಕ್, ಅಂಚಿಗೆ ಹಿತ್ತಾಳೆ ಪಟ್ಟಿ. ಬೆಳಕು ಚೆನ್ನಾಗಿದೆ. ಇವರು ಈ ಫೋಟೋ ತೆಗೆಯುವ ಹೊತ್ತಿಗೆ ನಾನು ಮೂರನೇ ಮಹಡಿಯಲ್ಲಿ ಕಣ್ಣು ಬಿಟ್ಟೆ. ಪಕ್ಕದಲ್ಲಿ ಯಾರೂ ಇರಲಿಲ್ಲ.’

ಹೊರಗೆ ಯಾರೋ ಬೈಕು ಚಾಲೂ ಮಾಡಲು ಒದೆಯುತ್ತಿದ್ದರು. ಅವಳು ಆ ಸಾಲುಗಳ ಕಡೆ ಬೆರಳು ಒಯ್ದಳು.

"ಅಳಿಸ್ಬೇಡ," ಅಂದ ಅವನು. "ಅದು ನಿಜಾನೇ. ಇರಲಿ."

ಆಮೇಲೆ ಅವನು ಹೇಳಿದ್ದು ತುಂಡುತುಂಡಾಗಿ ಬಂತು. ಎಚ್ಚರವಾಗಲು ಇನ್ನೂ ಎರಡು ಗಂಟೆ ಬೇಕೆಂದು ನರ್ಸು ಅಂದಿದ್ದಳಂತೆ. ವಾರ್ಡಿನ ಬಾಗಿಲಲ್ಲಿ ನಿಲ್ಲಬೇಡಿ, ಕೆಳಗೆ ಹೋಗಿ ಕೂತಿರಿ ಎಂದು ಕಳಿಸಿದಳಂತೆ. ಕೆಳಗೆ ಹೋದರೆ ಕೂರಲಾಗಲಿಲ್ಲ. ಮೇಲೆ ಬಂದರೆ ನರ್ಸು ಮತ್ತೆ ಕಳಿಸಿದಳು. ಹಾಗೆ ಎಷ್ಟು ಸಲವಾಯಿತೋ ಲೆಕ್ಕವಿಲ್ಲ.

"ಲಿಫ್ಟಿತ್ತಲ್ರೀ ಅಲ್ಲಿ?" ಅಂದಳು ಅವಳು. ಬೇರೇನಾದರೂ ಕೇಳಬೇಕಿತ್ತು, ಬಾಯಿಗೆ ಬಂದದ್ದು ಅದೇ.

"ಇತ್ತು. ನಮ್ಮ ಕಂಪನೀದೇ. ನಾನೇ ಸರ್ವಿಸ್ ಮಾಡ್ತಿದ್ದಿದ್ದು." ಅವನು ಅಂಗೈಯಿಂದ ಮೇಜನ್ನು ಒರೆಸಿದ. ಮೇಜಿನ ಮೇಲೆ ಏನೂ ಇರಲಿಲ್ಲ. "ಹತ್ತೋಕೆ ಧೈರ್ಯ ಬರ್ಲಿಲ್ಲ ಕಣೆ. ಮಧ್ಯದಲ್ಲಿ ನಿಂತುಬಿಟ್ರೆ? ಅಷ್ಟರಲ್ಲಿ ನೀನು ಕಣ್ಣು ಬಿಟ್ರೆ?"

ಅವಳು ಅವನನ್ನೇ ನೋಡಿದಳು. ಸಿಕ್ಕಿಬಿದ್ದ ಲಿಫ್ಟಿನೊಳಗಿನ ಜನರಿಗೆ, ಹೆದರಬೇಡಿ, ಏನೂ ಆಗಲ್ಲ ಎಂದು ಹೊರಗಿನಿಂದ ಕೂಗಿ ಹೇಳುವುದೇ ಅವನ ಕಸುಬು.

"ಫೋಟೋ ಯಾಕೆ ತೆಗೆದ್ರಿ ಮತ್ತೆ?"

"ಕೈ ನಡುಗ್ತಿತ್ತು. ಕ್ಯಾಮೆರಾ ಹಿಡಿದ್ರೆ ನಿಲ್ಲುತ್ತೆ. ಒಂದು ತೆಗ್ದೆ, ನಿಲ್ತು. ಮೇಲೆ ಬಂದೆ. ನೀನು ಎದ್ದಿದ್ದೆ."

ಆರು ವರ್ಷ ಅವಳು ಮಡಚಿಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ. ಒಂದು ಮಾತು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ, ಇಬ್ಬರೂ ಸೇರಿ ಅದನ್ನೊಂದು ಫೋಟೋದ ಹಿಂದೆ ಇಟ್ಟುಕೊಂಡು ಇಷ್ಟು ದಿನ ಸಂಸಾರ ಮಾಡಿದ್ದರು. ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಮೊದಲು ಫೋಲ್ಡರು ಸರಿಮಾಡಲೇ ಎಂದು ಕೇಳಿದಳು. ಅವನು ತಡಿ ಅಂದ. ನಿನ್ನ ಸಾಲು ಹಾಗೇ ಇರಲಿ, ಅದರ ಮುಂದೆ ನನ್ನದೊಂದು ಸೇರಿಸು ಅಂದ. ಅವಳು ಒಳಮನೆಯ ಆ ಪುಟ್ಟ ಚೌಕವನ್ನು ತೆರೆದು ಅವನಿಗೂ ಕಾಣುವಂತೆ ತಿರುಗಿಸಿದಳು. ಹನ್ನೊಂದು ವರ್ಷದಲ್ಲಿ ಅವನು ಅದನ್ನು ನೋಡಿದ್ದು ಅದೇ ಮೊದಲು. ಇಷ್ಟು ಸಣ್ಣದಾ ಎಂದು ಆಶ್ಚರ್ಯಪಟ್ಟ. ಪುಟಗಟ್ಟಲೆ ಬರೆಯುವವನಿಗೆ ಒಂದು ಸಾಲು ಹೊಳೆಯಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವನು ತಗ್ಗಿದ ದನಿಯಲ್ಲಿ ಹೇಳುತ್ತ ಹೋದ, ಅವಳು ಒತ್ತುತ್ತ ಹೋದಳು.

‘ನಾನು ಎರಡನೇ ಮಹಡಿಯಲ್ಲಿದ್ದೆ. ಬರುತ್ತಿದ್ದೆ.’

ಉಳಿಸಿದಳು. ಆಮೇಲೆ ಒಳಗಿನ ಫೋಲ್ಡರನ್ನು ಎಳೆದು ಹೊರಗೆ ಹಾಕಿ, ಪುಟವನ್ನು ಮತ್ತೆ ತೆರೆದಳು. ಬೂದು ಚೌಕಟ್ಟಿನಲ್ಲಿ ಇಬ್ಬರ ಸಾಲುಗಳೂ ಒಂದು ಗಳಿಗೆ ಒಟ್ಟಿಗೆ ಕಂಡವು. ಅಷ್ಟರಲ್ಲಿ ಫೋಟೋ ಬಂತು. ಮೇಲಿನ ಮೆಟ್ಟಿಲಿನಿಂದ ಶುರುವಾಗಿ ಒಂದೊಂದಾಗಿ ಕೆಳಕ್ಕೆ ತುಂಬಿಕೊಳ್ಳುತ್ತ ಅಕ್ಷರಗಳನ್ನೆಲ್ಲ ಮುಚ್ಚಿತು. ಹಿತ್ತಾಳೆಯ ಅಂಚುಗಳ ಮೇಲೆ ಬೆಳಕು ಬಿದ್ದಿತ್ತು. ಮೆಟ್ಟಿಲುಗಳ ಮೇಲೆ ಯಾರೂ ಇರಲಿಲ್ಲ.