ಒಂದೇ ಮನೆ, ಎರಡು ಸಂದರ್ಶನ

ಗಂಡ ಹೆಂಡತಿ ಇಬ್ಬರೂ ಒಂದೇ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವಳು ಓವನ್ ವಿಭಾಗದಲ್ಲಿ, ಅವನು ಪ್ಯಾಕಿಂಗಿನಲ್ಲಿ. ನಡುವೆ ಒಂದು ಗಾಜಿನ ಗೋಡೆ. ಅವಳ ಕಡೆ ಬೆಂದ ಬಿಸ್ಕತ್ತು ಉದ್ದನೆಯ ಬೆಲ್ಟಿನ ಮೇಲೆ ಆರುತ್ತಾ ಆರುತ್ತಾ ಗಾಜಿನಾಚೆಗೆ ಹೋಗಿ ಅವನ ಕೈಗೆ ಸೇರುತ್ತಿತ್ತು. "ಇವಳು ಬೇಯಿಸಿ ಕಳಿಸ್ತಾಳೆ, ನಾನು ಡಬ್ಬಿಗೆ ತುಂಬ್ತೀನಿ. ಮನೇಲೂ ಅಷ್ಟೆ, ಇಲ್ಲೂ ಅಷ್ಟೆ" ಎಂದು ಅವನು ಮದುವೆಯಾದ ಹೊಸದರಲ್ಲಿ ಊಟದ ಕೋಣೆಯಲ್ಲಿ ಕೂತು ಎಲ್ಲರನ್ನೂ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು.

ಅವಳು ಅವನಿಗಿಂತ ಮೊದಲೇ ಅಲ್ಲಿ ಸೇರಿದವಳು. ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಎರಡೂ ವಿಭಾಗ ನೋಡಿಕೊಳ್ಳುತ್ತಿದ್ದ ಶಿಫ್ಟ್ ಸೂಪರ್‌ವೈಸರಿಗೆ ಗಡಿಯಾರ ಎಂದು ಅಡ್ಡಹೆಸರು. ಮಾತಿಗೊಮ್ಮೆ ಕೈ ತಿರುಗಿಸಿ ಸಮಯ ನೋಡುವ ಚಾಳಿ ಅವರದು. ಕೊನೆಯ ವರ್ಷ ಮಂಡಿನೋವು ಜೋರಾಗಿ ಅವರು ಕುರ್ಚಿ ಬಿಟ್ಟು ಏಳುವುದೇ ಕಷ್ಟವಾಯಿತು. ಆಗ ಬೆಲ್ಟು ನಿಂತರೂ, ಹಿಟ್ಟು ಕೈಕೊಟ್ಟರೂ, ಇಬ್ಬರು ಕೆಲಸಗಾರರು ಕಾಲು ಕೆರೆದು ಜಗಳಕ್ಕೆ ನಿಂತರೂ ಜನ ಹುಡುಕುತ್ತಿದ್ದದ್ದು ಅಕ್ಕನನ್ನು. ಗಡಿಯಾರ ನಿವೃತ್ತರಾಗುವ ಸುದ್ದಿ ಬಂದಾಗ ಆ ಜಾಗಕ್ಕೆ ಯಾರು ಎಂಬ ಪ್ರಶ್ನೆಯೇ ಯಾರಿಗೂ ಏಳಲಿಲ್ಲ. ಅವಳು ಅರ್ಜಿ ಹಾಕಿದಳು.

ಒಂದು ಸಂಜೆ ಗಂಡ ತಲೆ ಕೆರೆದುಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಮ್ಯಾನೇಜರು ಕರೆಸಿದ್ರು. ನೀನೂ ಒಂದು ಅರ್ಜಿ ಹಾಕು ಅಂದ್ರು."

"ಹಾಕಿ. ನಾನೇನು ಬೇಡ ಅಂದ್ನಾ?"

"ಸುಮ್ನೆ ಹೆಸರಿಗೆ ಹಾಕ್ತೀನಿ ಅಷ್ಟೆ. ಅದು ನಿಂಗೇ ಬರೋದು ಬಿಡು."

ಸಂದರ್ಶನ ಇಬ್ಬರಿಗೂ ಒಂದೇ ದಿನ. ಅವಳನ್ನು ಮೊದಲು ಕರೆದರು. ಮೇಜಿನಾಚೆ ಮ್ಯಾನೇಜರು, ಪಕ್ಕದಲ್ಲಿ ಮುಖ್ಯ ಕಚೇರಿಯಿಂದ ಬಂದ ಒಬ್ಬರು. ಕೆಲಸದ ಬಗ್ಗೆ ಒಂದೆರಡು ಮಾತು ಕೇಳಿದರು, ಅವಳು ಹೇಳುತ್ತಿದ್ದಾಗಲೇ ಮುಖ್ಯ ಕಚೇರಿಯವರು ಪೆನ್ನು ಕೆಳಗಿಟ್ಟರು.

"ಮಗು ಇದೆಯಾ?"

"ಇದಾಳೆ ಸಾರ್. ಮಗಳು. ಶಾಲೆಗೆ ಹೋಗ್ತಾಳೆ."

"ಅವಳಿಗೆ ಜ್ವರ ಗಿರ ಬಂದ್ರೆ ರಜೆ ಹಾಕೋರು ಯಾರು?"

"ಮನೇಲಿ ಅತ್ತೆ ಇದಾರೆ."

"ಅತ್ತೆಗೇ ಹುಷಾರು ತಪ್ಪಿದ್ರೆ?"

ಮ್ಯಾನೇಜರು ನಡುವೆ ಬಾಯಿ ಹಾಕಿ, "ಇನ್ನೊಂದು ಮಗುವಿನ ಯೋಚನೆ ಇದೆಯೇನಮ್ಮ?" ಎಂದು ನಯವಾಗಿ ಕೇಳಿದರು. ಅವಳ ಕಿವಿ ಬಿಸಿಯಾಯಿತು. ಇಲ್ಲ ಎಂದಳು. ಗಂಡಸರ ಮೇಲೆ ದನಿ ಏರಿಸೋದಕ್ಕಾಗುತ್ತಾ ಎಂದರು. ಏರಿಸದೆಯೇ ಕೆಲಸ ನಡೀತಿದೆಯಲ್ಲ ಸಾರ್ ಎಂದಳು. ಅವರು ನಕ್ಕರು. ಹೊರಗೆ ಬಂದಾಗ ಸಂದರ್ಶನ ಚೆನ್ನಾಗೇ ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಬೆಂಚಿನ ಮೇಲೆ ಕೂತಿದ್ದ ಗಂಡ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಒಳಗೆ ಹೋದ.

ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ ಅವನು ಹಗುರವಾಗಿದ್ದ. "ನಂಗೇನೂ ಕಷ್ಟದ್ದು ಕೇಳಲಿಲ್ಲ ಕಣೇ. ಮಗು ಇದೆಯಾ ಅಂದ್ರು. ಒಬ್ಬಳು ಮಗಳು ಅಂದೆ. ಒಳ್ಳೇದಾಯ್ತು, ಮನೆ ಮಕ್ಕಳು ಅಂತ ನೆಲೆ ನಿಂತ ಮನುಷ್ಯ ಅಂದ್ರು."

ಅವಳು ಟವೆಲ್ಲು ಕೊಡಲು ಚಾಚಿದ ಕೈಯನ್ನು ಹಾಗೇ ಹಿಡಿದಳು. "ಜ್ವರ ಬಂದ್ರೆ ರಜೆ ಯಾರು ಹಾಕ್ತಾರೆ ಅಂತ ಕೇಳಲಿಲ್ವಾ?"

"ಯಾರಿಗೆ ಜ್ವರ?" ಎಂದ ಅವನು.

ಆ ವಾರ ಕಳೆಯುವುದರೊಳಗೆ ಅವನಿಗೆ ಸೂಪರ್‌ವೈಸರ್ ಕೆಲಸ ಬಂತು.

ಗಾಜಿನ ಗೋಡೆಯ ಎರಡೂ ಕಡೆ ಕೈ ಕುಲುಕಾಟ ನಡೆಯಿತು. ಅವಳೂ ಹೋಗಿ ಎಲ್ಲರ ಮುಂದೆ ಗಂಡನ ಕೈ ಕುಲುಕಿದಳು, ಜನ ಚಪ್ಪಾಳೆ ತಟ್ಟಿದರು. ಅವನ ಮುಖದಲ್ಲಿ ನಾಚಿಕೆಯೂ ಇತ್ತು, ಖುಷಿಯೂ ಇತ್ತು. ಖುಷಿ ಸ್ವಲ್ಪ ಹೆಚ್ಚೇ ಇತ್ತು. ಅದು ತಪ್ಪೆಂದು ಅವಳಿಗೂ ಅನಿಸಲಿಲ್ಲ. ಆದರೆ ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು ಎನ್ನುವಂತಾಯಿತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು. ರಜಾದಿನ ಬೆಳಿಗ್ಗೆ ಬೀರುವನ್ನು ಈ ಗೋಡೆಯಿಂದ ಆ ಗೋಡೆಗೆ ನೂಕಿಸಿದಳು, ಮಧ್ಯಾಹ್ನ ಅದು ಸರಿಯಿಲ್ಲವೆಂದು ವಾಪಸು ನೂಕಿಸಿದಳು. ಮಗಳು ಅಮ್ಮನಿಗೆ ಏನಾಗಿದೆ ಎಂದು ಅಜ್ಜಿಯನ್ನು ಕೇಳಿದಳು. "ನಿಮ್ಮಮ್ಮನ ಕಾಲಿಗೆ ಚಕ್ರ ಬಂದಿದೆ" ಎಂದರು ಅಜ್ಜಿ.

ತಡೆಯಲಾರದೆ ಒಂದು ದಿನ ಮ್ಯಾನೇಜರ ಬಾಗಿಲು ತಟ್ಟಿದಳು. ಅವರು ಕೂರಿಸಿ ಮಾತಾಡಿದರು, ಅದರಲ್ಲಿ ಅವರದು ದೊಡ್ಡ ಮನಸ್ಸು.

"ನೋಡಮ್ಮ, ನಿನ್ನ ಕೆಲಸದ ಬಗ್ಗೆ ಯಾರದ್ದೂ ಎರಡು ಮಾತಿಲ್ಲ."

"ಮತ್ಯಾಕೆ ಸಾರ್?"

"ನಿಮ್ಮ ಮನೆಗೇ ಬಂತಲ್ಲ. ಈ ಕೈಯಾದ್ರೇನು, ಆ ಕೈಯಾದ್ರೇನು? ಅವನು ಮುಂದೆ ಬಂದಿದ್ದಕ್ಕೆ ನಿಂಗೆ ಬೇಜಾರಾ?"

ಈ ಪ್ರಶ್ನೆಗೆ ಹೌದೆಂದರೂ ಕಷ್ಟ, ಇಲ್ಲವೆಂದರೂ ಕಷ್ಟ. ಅವಳು ಎದ್ದು ಬಂದಳು. ಓವನ್ನಿನ ಹತ್ತಿರ ಬಂದು ನಿಂತ ಮೇಲೆ ಹೇಳಬೇಕಾದ ಮಾತೆಲ್ಲ ಒಂದರ ಹಿಂದೊಂದು ನಾಲಿಗೆಗೆ ಬಂತು. ಯಾರಿಗೆ ಹೇಳುವುದು?

ಮನೆಯಲ್ಲಿ ಇನ್ನೊಂದು ತಾಪತ್ರಯ ಶುರುವಾಗಿತ್ತು. ಪ್ಯಾಕಿಂಗಿನಲ್ಲಿ ಪಳಗಿದವನಿಗೆ ಓವನ್ನಿನ ಕಡೆ ಕೈ ಆಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಅದು ಇದು ಮಾತಾಡಿ ಕೊನೆಗೆ ಮೆಲ್ಲಗೆ, "ಅಲ್ಲ, ಅಂಚು ಸೀದು ನಡು ಹಸಿ ಉಳೀತಿದೆಯಲ್ಲ, ಅದಕ್ಕೇನು ಮಾಡ್ತಿದ್ದೆ?" ಎನ್ನುವನು. ಅವಳು ಹೇಳುವಳು. ಮರುದಿನ ಅದನ್ನೇ ಅವನು ಸಾಲಿನಲ್ಲಿ ನಿಂತವರಿಗೆ ಹೇಳುವನು, ಅವಳೂ ಆ ಸಾಲಿನಲ್ಲಿ ನಿಂತು ಕೇಳಿಸಿಕೊಳ್ಳುವಳು. ಮೊದಮೊದಲು ಇಬ್ಬರೂ ಒಬ್ಬರಿಗೊಬ್ಬರು ಕಣ್ಣು ತಪ್ಪಿಸುತ್ತಿದ್ದರು. ಆಮೇಲೆ ಅವನು ತಪ್ಪಿಸುವುದನ್ನು ಬಿಟ್ಟ. ಅವನಿಗೆ ಅಭ್ಯಾಸವಾಗುತ್ತಿದೆ ಎಂದು ಅವಳಿಗೆ ಹೊಳೆದದ್ದು ಆಗ.

ಆ ರಾತ್ರಿಯ ಊಟದಲ್ಲಿ ಅವನು ಬೆಲ್ಟಿನ ವೇಗದ ಬಗ್ಗೆ ಕೇಳಿದ.

"ಅದನ್ನ ಸೂಪರ್‌ವೈಸರ್ ನೋಡ್ಕೋಬೇಕು" ಎಂದಳು.

ಅವನು ತುತ್ತು ಕೆಳಗಿಟ್ಟ. "ಹೊಟ್ಟೆಕಿಚ್ಚಾ?"

"ಏನು ಬೇಕಾದ್ರೂ ಅಂದ್ಕೊಳ್ಳಿ. ನಾಳೆ ಕಾರ್ಮಿಕ ಕಚೇರಿಗೆ ಹೋಗ್ತಿದ್ದೀನಿ. ನಿಮಗೆ ಹೇಳದೆ ಹೋಗಬಾರದು ಅಂತ ಹೇಳ್ತಿದ್ದೀನಿ."

"ನನ್ನ ಮೇಲೆ ದೂರು ಕೊಡ್ತೀಯಾ?"

"ನಿಮ್ಮ ಮೇಲೆ ಯಾಕೆ ಕೊಡ್ಲಿ? ನಂಗೆ ಕೇಳಿದ್ದನ್ನ ನಿಮಗ್ಯಾಕೆ ಕೇಳಲಿಲ್ಲ ಅಂತ ಅವರನ್ನ ಕೇಳಬೇಕು."

"ಎರಡೂ ಒಂದೇ. ಕುರ್ಚಿ ಹೋಗೋದು ನಂದು ತಾನೆ?"

ಒಳಕೋಣೆಯಿಂದ ಅತ್ತೆ ಬಂದರು. ಮಗನ ಕುರ್ಚಿ ಹೋಗುತ್ತೆ ಎಂಬುದಷ್ಟೇ ಅವರ ಕಿವಿಗೆ ಬಿದ್ದಿತ್ತು. "ಏನೇ ಇದು, ಬಂದ ಭಾಗ್ಯಾನ ಕಾಲಲ್ಲಿ ಒದೀತೀಯಲ್ಲ. ಗಂಡನ ಏಳಿಗೆ ನೋಡಿ ಕಣ್ಣು ಉರಿಯುತ್ತಾ ನಿಂಗೆ?" ಎಂದು ಶುರುಮಾಡಿದರು. ಅವಳು ತಡೆಯದೆ ಕೇಳಿಸಿಕೊಂಡಳು. ಕೊನೆಗೆ, "ಅತ್ತೆ, ನಿಮಗೆ ಹುಷಾರು ತಪ್ಪಿದ್ರೆ ಮನೆ ನೋಡ್ಕೊಳ್ಳೋರಿಲ್ಲ ಅಂತ ನನ್ನ ಬೇಡ ಅಂದ್ರು" ಎಂದಳು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರು ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ಇದೇ ಮಗನನ್ನು ಒಬ್ಬರೇ ಸಾಕಿದವರು. ಈಗಲೂ ನೀರಿನ ಕೊಡ ಎತ್ತಲು ಬೇರೆಯವರಿಗೆ ಬಿಡುತ್ತಿರಲಿಲ್ಲ.

"ನಂಗೆ ಹುಷಾರು ತಪ್ಪಿದ್ರೆ ಅಂದ್ರಾ?"

"ಹೂಂ."

"ನಾನು ಹಾಸಿಗೆ ಹಿಡಿದಿದ್ದನ್ನ ಅವರಪ್ಪ ಯಾವಾಗ ನೋಡಿದ್ದ?" ಅತ್ತೆ ಮಗನ ಕಡೆ ತಿರುಗಿದರು. "ನಿನ್ನೂ ಕೇಳಿದ್ರೇನೋ ಹೀಗೆ?"

"ಇಲ್ಲಮ್ಮ."

"ಯಾಕೆ, ನಾನು ನಿಂಗೆ ತಾಯಿ ಅಲ್ವಾ? ಅವಳಿಗೆ ಅತ್ತೆ ಮಾತ್ರಾನಾ?"

ಅವನು ತಟ್ಟೆ ಎತ್ತಿಕೊಂಡು ಎದ್ದ. ಅತ್ತೆ ಸೊಸೆಯ ಪಕ್ಷ ವಹಿಸಿದರು ಎಂದೇನಲ್ಲ. ಮರುದಿನವೂ ಮುಖ ಊದಿಸಿಕೊಂಡೇ ಇದ್ದರು. ಆದರೆ ಅವಳು ಚಪ್ಪಲಿ ಮೆಟ್ಟುವಾಗ, "ಆ ಹುಷಾರಿನ ಮಾತು ಮರೀದೆ ಹೇಳು" ಎಂದು ಒಳಗಿನಿಂದಲೇ ಕೂಗಿದರು.

ಕಾರ್ಮಿಕ ಕಚೇರಿಯ ಅಧಿಕಾರಿ ನಗುವವರೂ ಅಲ್ಲ, ಗದರುವವರೂ ಅಲ್ಲ. ದೂರು ತೆಗೆದುಕೊಂಡು, ಕರೆಸುತ್ತೇವೆ ಎಂದರು. ಕರೆ ಬರುವವರೆಗಿನ ತಿಂಗಳುಗಳನ್ನು ಕಳೆಯುವುದು ಅವಳಿಗೆ ಮುಳ್ಳಿನ ಮೇಲೆ ನಡೆದಂತಾಯಿತು. ಕಾರ್ಖಾನೆಯಲ್ಲಿ ಜನ ಮೊದಲಿನಂತೆ ಅಕ್ಕ ಎನ್ನುತ್ತಿದ್ದರು, ಆದರೆ ಅವಳು ಊಟದ ಕೋಣೆಗೆ ಕಾಲಿಟ್ಟರೆ ಮಾತು ಬೇರೆ ಕಡೆ ಹೊರಳುತ್ತಿತ್ತು. ಜೊತೆಗೆ ಕೆಲಸ ಮಾಡುವ ಉದ್ದಜಡೆಯವಳು ಒಬ್ಬಳೇ ಪಕ್ಕಕ್ಕೆ ಬಂದು, "ಅಕ್ಕ, ನಂಗೂ ಹಿಂದೆ ಹೀಗೇ ಕೇಳಿದ್ರು. ಆವಾಗ ನಗ್ತಾ ಉತ್ತರ ಕೊಟ್ಟು ಬಂದಿದ್ದೆ" ಎಂದಳು. ಸಾಕ್ಷಿ ಹೇಳ್ತೀಯಾ ಎಂದರೆ ಜಡೆಯ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ಅಕ್ಕ ಮತ್ತೆ ಕೇಳಲಿಲ್ಲ.

ಗಂಡ ಹೆಂಡತಿ ಮನೆಯಲ್ಲಿ ಮಗಳ ಮೂಲಕ ಮಾತಾಡುತ್ತಿದ್ದರು. "ನಿಮ್ಮಪ್ಪಂಗೆ ನೀರು ಕಾದಿದೆ ಅಂತ ಹೇಳು." "ನಿಮ್ಮಮ್ಮಂಗೆ ಕೇಳಿಸ್ತು ಅಂತ ಹೇಳು." ಮಗಳಿಗೆ ಇದು ಆಟವಾಗಿತ್ತು. ಆಮೇಲೆ ಅವಳಿಗೂ ಬೇಸರ ಬಂತು.

ವಿಚಾರಣೆಯ ದಿನ ಮ್ಯಾನೇಜರು ವಕೀಲರನ್ನು ಕರೆತಂದಿದ್ದರು. ಅರ್ಹತೆ ನೋಡಿಯೇ ಆಯ್ಕೆ ಮಾಡಿದ್ದು, ಹೆಣ್ಣು ಗಂಡೆಂಬ ಭೇದ ತಮ್ಮಲ್ಲಿಲ್ಲ, ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದ್ದು ಎಂದು ವಕೀಲರು ಹೇಳಿದರು. ಅಧಿಕಾರಿ ತಲೆಯೆತ್ತಿ, ಹಿಂದಿನ ಕುರ್ಚಿಯಲ್ಲಿದ್ದ ಗಂಡನನ್ನು ಮುಂದೆ ಕರೆದರು. ಕಂಪನಿಯ ಪರವಾಗಿ ಬಂದವನು ಅವನು. ಮ್ಯಾನೇಜರೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಅವಳು ಬಸ್ಸಿನಲ್ಲಿ ಬಂದಿದ್ದಳು.

"ನಿಮ್ಮನ್ನ ಮಗುವಿನ ಬಗ್ಗೆ ಕೇಳಿದ್ರಾ?"

"ಕೇಳಿದ್ರು ಸಾರ್."

ವಕೀಲರು ನೋಡಿದಿರಾ ಎಂಬಂತೆ ಕೈ ಚಾಚಿದರು.

"ಏನಂತ ಕೇಳಿದ್ರು?"

ಅವನು ಮ್ಯಾನೇಜರ ಕಡೆ ನೋಡಿದ. ಹೆಂಡತಿಯ ಕಡೆ ನೋಡಲಿಲ್ಲ. ಅವಳು ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಇವನು ಸುಳ್ಳು ಹೇಳಿದರೆ ಸಂಜೆ ಮನೆಗೆ ಹೇಗೆ ಹೋಗುವುದು ಎಂದು ಯೋಚಿಸಿದಳು. ನಿಜ ಹೇಳಿದರೂ ಹೇಗೆ ಹೋಗುವುದು ಎಂದು ಅದರ ಹಿಂದೆಯೇ ಅನಿಸಿತು.

"ಮಗು ಇದೆಯಾ ಅಂದ್ರು. ಇದೆ ಅಂದೆ. ನೆಲೆ ನಿಂತ ಮನುಷ್ಯ, ಒಳ್ಳೇದು ಅಂದ್ರು."

"ಮಗುಗೆ ಹುಷಾರಿಲ್ಲದಿದ್ರೆ ರಜೆ ಹಾಕೋರು ಯಾರು ಅಂತ?"

"ಅದು... ಅದನ್ನ ಕೇಳಲಿಲ್ಲ."

"ಇವರನ್ನ ಕೇಳಿದಾರೆ. ನೀವಿಬ್ಬರೂ ಒಂದೇ ಮನೇಲಿ ಇರೋದಲ್ವಾ? ಅದು ಇದೇ ಮಗುನಾ?"

"ನಮಗಿರೋದೇ ಒಬ್ಬಳು ಸಾರ್" ಎಂದ ಅವನು.

ಕೋಣೆಯ ಮೂಲೆಯಲ್ಲಿದ್ದ ಗುಮಾಸ್ತ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ. ಅಧಿಕಾರಿ ನಗಲಿಲ್ಲ. ಹೊರಗೆ ಬಂದಾಗ ಮ್ಯಾನೇಜರ ಕಾರು ಅವನನ್ನು ಬಿಟ್ಟು ಹೊರಟುಹೋಗಿತ್ತು. ಇಬ್ಬರೂ ಒಂದೇ ಬಸ್ಸು ಹತ್ತಿದರು, ಜಾಗವಿದ್ದರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಇಳಿದ ಮೇಲೆ ಅವಳು, "ನಿಜ ಹೇಳಿದ್ರಲ್ಲ" ಎಂದಳು.

"ನಿಂಗೋಸ್ಕರ ಹೇಳಿದ್ದಲ್ಲ. ಮುಖ ನೋಡಿ ಕೇಳಿದ್ರೆ ಸುಳ್ಳು ಹೇಳಕ್ಕೆ ಬರಲ್ಲ ನಂಗೆ. ಸುಳ್ಳು ಹೇಳಬೇಕು ಅಂತಲೇ ಹೋಗಿದ್ದೆ" ಎಂದು ಅವನು ಮುಂದೆ ಮುಂದೆ ನಡೆದ.

ಆಯ್ಕೆ ರದ್ದಾಯಿತು. ಹೊರಗಿನವರೊಬ್ಬರನ್ನು ಕೂರಿಸಿಕೊಂಡು ಮತ್ತೆ ಸಂದರ್ಶನ ಮಾಡಬೇಕು, ಮನೆಯ ವಿಷಯ ಎತ್ತಕೂಡದು ಎಂದು ಆದೇಶ ಬಂತು. ಅವನು ಮತ್ತೆ ಅರ್ಜಿ ಹಾಕಿದ. ಹಾಕಬೇಡಿ ಎಂದು ಅವಳು ಹೇಳಲಿಲ್ಲ, ಹಾಕುವುದಿಲ್ಲವೇನೋ ಎಂದು ಮಾತ್ರ ಒಳಗೊಳಗೇ ಆಸೆಪಟ್ಟಿದ್ದಳು. ಈ ಸಲ ಅವಳಿಗೆ ಕೇಳಿದ್ದೆಲ್ಲ ಹಿಟ್ಟು, ಬೆಲ್ಟು, ಕೆಲಸದ ಪಾಳಿ, ಅಪಘಾತ. ಮಾತಾಡಿ ಮಾತಾಡಿ ಬಾಯಿ ಒಣಗಿತು. ಕೆಲಸ ಅವಳಿಗೇ ಬಂತು.

ಅವನು ಪ್ಯಾಕಿಂಗಿಗೆ ವಾಪಸಾದ. ಗಾಜಿನಾಚೆ ಅವನು ಬಗ್ಗಿ ಡಬ್ಬಿ ಜೋಡಿಸುವುದು ಅವಳ ಮೇಜಿನಿಂದ ಕಾಣುತ್ತಿತ್ತು. ಗಂಡಸರು ಕೀಟಲೆ ಶುರುಮಾಡಿದರು. "ಏನಪ್ಪ, ಮನೇಲೂ ಹಾಜರಿ ಕೂಗ್ತಾರಾ?" ಅವನು ಹಲ್ಲು ಕಿರಿದು ಸಹಿಸಿಕೊಂಡ. ಒಂದು ದಿನ ಸಹಿಸಲಿಲ್ಲ. ಇಬ್ಬರ ಕೊರಳಪಟ್ಟಿ ಹರಿಯಿತು. ಬಿಡಿಸಲು ಓಡಿಬಂದವಳು ಸೂಪರ್‌ವೈಸರ್. ಗಂಡನಿಗೂ ಇನ್ನೊಬ್ಬನಿಗೂ ಎಲ್ಲರೆದುರು ಒಂದೇ ದನಿಯಲ್ಲಿ ಎಚ್ಚರಿಕೆ ಕೊಟ್ಟಳು. ಆಮೇಲೆ ಉಗ್ರಾಣದ ಹಿಂದೆ ಹೋಗಿ ಹಿಟ್ಟಿನ ಚೀಲಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತಳು.

ಕೆಲವು ದಿನಗಳ ಮೇಲೆ ಅವನು ಕಾರ್ಖಾನೆಯಲ್ಲೇ ಅವಳ ಮೇಜಿನ ಮುಂದೆ ಬಂದ.

"ನನ್ನ ಸಂಜೆ ಶಿಫ್ಟಿಗೆ ಹಾಕು."

"ಮನೇಲಿ ಹೇಳಬಹುದಿತ್ತಲ್ಲ."

"ಇದು ಇಲ್ಲಿನ ಮಾತು." ಮೇಜಿನ ಮೇಲಿನ ಶಿಫ್ಟ್ ಪಟ್ಟಿ ತೋರಿಸಿ, "ಆ ಶಿಫ್ಟಲ್ಲಿ ನನ್ನ ಯಾರೂ ಅಕ್ಕನ ಗಂಡ ಅನ್ನಲ್ಲ" ಎಂದ.

"ನನ್ನ ಮೇಲೆ ಸಿಟ್ಟಾ?"

"ಇದೆ. ಹೋಗುತ್ತೆ. ಯಾವಾಗ ಅಂತ ಕೇಳಬೇಡ."

ಬೇರೆ ಯಾರೇ ಕೇಳಿದ್ದರೂ ಅವಳು ಹಾಕಿಕೊಡುತ್ತಿದ್ದಳು. ಅವನಿಗೂ ಹಾಕಿಕೊಟ್ಟಳು.

ಈಗ ಅವರಿಬ್ಬರೂ ಹಗಲಿನಲ್ಲಿ ಸಿಗುವುದು ಕಾರ್ಖಾನೆಯ ಗೇಟಿನ ಹತ್ತಿರ. ಅವಳು ಹೊರಬರುವ ಹೊತ್ತಿಗೆ ಅವನು ಒಳಹೋಗಬೇಕು. ಸೈಕಲ್ಲುಗಳ ನಡುವೆ ನಿಂತು ಮಗಳು ಊಟ ಮಾಡಿದಳಾ, ಮನೆಯ ಬೀಗದ ಕೈ ಎಲ್ಲಿದೆ, ಅಷ್ಟು ಮಾತು. ಮೊನ್ನೆ ಅವನು ಹೋಗುತ್ತಿದ್ದವನು ತಿರುಗಿ ನಿಂತು, "ಮೂರನೇ ಬೆಲ್ಟು ಕಿರುಗುಟ್ತಿದೆ. ನಮ್ಮ ಶಿಫ್ಟಿನ ಸೂಪರ್‌ವೈಸರ್ ಕಿವಿಗೆ ಹಾಕ್ಕೊಳ್ತಿಲ್ಲ, ನೀನಾದ್ರೂ ನೋಡು" ಎಂದ.

"ನೋಡ್ತೀನಿ."

"ನೋಡ್ತೀನಿ ಅಂತ ಎಲ್ಲಾ ಸೂಪರ್‌ವೈಸರುಗಳೂ ಅಂತಾರೆ" ಎಂದು ಗೊಣಗಿ ಒಳಗೆ ಹೋದ. ಅದು ತಮಾಷೆಯೋ ಕೊಂಕೋ ಅವಳಿಗೆ ತಿಳಿಯಲಿಲ್ಲ. ಹಿಂದಿನಿಂದ ಸೈರನ್ ಕೂಗಿತು. ಅವಳ ಬಸ್ಸು ಬಂದು ನಿಂತಿತ್ತು, ಒಳಗೆ ಸೀಟುಗಳೂ ಖಾಲಿ ಇದ್ದವು. ಕೂರುವ ಮನಸ್ಸಾಗಲಿಲ್ಲ. ಬಸ್ಸನ್ನು ಹೋಗಲು ಬಿಟ್ಟು, ಬಿರುಸಾಗಿ ಹೆಜ್ಜೆ ಹಾಕುತ್ತಾ ನಡೆದೇ ಮನೆಯ ಕಡೆ ಹೊರಟಳು.