ಬಣ್ಣ ಮರಳದ ಬಾಲ

ಕಿರುಬೆರಳಿನಷ್ಟೂ ಉದ್ದವಿಲ್ಲದ, ಕಪ್ಪು ಪಟ್ಟೆಯ ಮೀನುಗಳವು. ಬಾಲದ ರೆಕ್ಕೆಯ ತುದಿ ಕತ್ತರಿಸಿದರೆ ಹದಿನೈದು ದಿನದಲ್ಲಿ ಪಟ್ಟೆಸಮೇತ ಮತ್ತೆ ಬೆಳೆಯುತ್ತದೆ. ಆ ಚೂರಿನಿಂದಲೇ ಮೀನಿನ ಜೀನು ಪರೀಕ್ಷಿಸುತ್ತಾರೆ. ರಾಯಚೂರಿನ ಆ ಲ್ಯಾಬಿನಲ್ಲಿ ಬಾಲ ಕತ್ತರಿಸುವುದೆಂದರೆ ಉಗುರು ತೆಗೆದಷ್ಟೇ ಸಲೀಸು.

ನೌಶೀನ್ ಸಾಕಿದ ಒಂದು ವಂಶದ ಮೀನು ಮಾತ್ರ ಬೇರೆ. ಕತ್ತರಿಸಿದ ರೆಕ್ಕೆ ಬೆಳೆದರೂ ಅದರಲ್ಲಿ ಕಪ್ಪು ಬರುತ್ತಿರಲಿಲ್ಲ. ತುದಿ ಬಿಳಿಚಿಕೊಂಡೇ ಉಳಿಯುತ್ತಿತ್ತು. ಬಣ್ಣದ ಕಣಗಳನ್ನು ಮತ್ತೆ ಹುಟ್ಟಿಸುವ ಯಾವುದೋ ಜೀನು ಕೆಟ್ಟಿತ್ತು. ಅದು ಯಾವುದೆಂದು ಕಂಡುಹಿಡಿಯುವುದೇ ಅವಳ ಪಿಎಚ್‌.ಡಿ. ಅದಕ್ಕೆಂದೇ ಆ ವಂಶದ ಒಂದು ಟ್ಯಾಂಕಿನ ಮೀನುಗಳಿಗೆ ಕತ್ತರಿ ಸೋಕಿಸದೆ, ಬಾಲದ ತುದಿಯವರೆಗೂ ಪಟ್ಟೆ ಇದ್ದಂತೆಯೇ ಜೋಪಾನ ಮಾಡಿದ್ದಳು.

ಅಕ್ಕ ಗುಲ್ಫಶಾಳ ಮದುವೆಗೆ ಮಾನ್ವಿಗೆ ಹೊರಟಾಗ ಟ್ಯಾಂಕನ್ನು ಉಮಾದೇವಿಗೆ ಒಪ್ಪಿಸಿದಳು. ದೇವದುರ್ಗದ ಕಡೆಯ ಅರಕೇರಾದವಳು, ಅದೇ ಲ್ಯಾಬಿನವಳು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಒಂದೇ ಡಬ್ಬಿಯ ರೊಟ್ಟಿ ಮುರಿದು ತಿಂದವರು. ಮದುವೆಗೆ ಕರೆದರೂ, ಮೀನಿಗೆ ಯಾರು ದಿಕ್ಕು ಎಂದು ಹಿಂದೆ ಉಳಿದ ಮಹಾತಾಯಿ!

ಮದುವೆಯ ಬೆನ್ನಿಗೇ ಅಮ್ಮಿ ಜ್ವರ ಹಿಡಿದು ಮಲಗಿದ್ದರಿಂದ ನೌಶೀನ್ ಮರಳಲು ತಿಂಗಳಾಯಿತು. ಬಂದವಳಿಗೆ ಗೈಡ್ ಸರ್ ಬಾಗಿಲಲ್ಲೇ ಖುಷಿಯ ಸುದ್ದಿ ಹೇಳಿದರು: ಬಣ್ಣದ ಜೀನು ಸಿಕ್ಕಿದೆ, ಉಮಾದೇವಿ ತನ್ನದೇ ಮೀನುಗಳಲ್ಲಿ ಪತ್ತೆ ಹಚ್ಚಿದ್ದಾಳೆ.

ಆ ಜೀನು ಕೆಟ್ಟದ್ದು ತಾನು ಸಾಕಿದ ಮೀನುಗಳಲ್ಲಿ ಮಾತ್ರ ಎಂದು ನೌಶೀನಳಿಗೆ ಗೊತ್ತಿತ್ತು. ಆದರೂ ಗೆಳತಿಯನ್ನು ಅನುಮಾನಿಸಲು ಮನಸ್ಸು ಒಪ್ಪಲಿಲ್ಲ. ಒಳಗೆ ಹೋಗಿ ಅವಳನ್ನೇ ಕೇಳಿದಳು.

"ನಿನ್ನ ಟ್ಯಾಂಕಿಗಿ ಕೈ ಸೈತ ಹಚ್ಚಿಲ್ಲವ್ವ," ಎಂದಳು ಉಮಾದೇವಿ, ರೆಪ್ಪೆ ಅಲುಗಿಸದೆ. "ಬರೇ ಹೊಟ್ಟಿಗಿ ಹಾಕೀನಿ."

ನಂಬಬೇಕೆಂದೇ ನೌಶೀನ್ ಟ್ಯಾಂಕಿನ ದೀಪ ಹಚ್ಚಿದಳು. ಮೀನುಗಳು ಕೈ ಕಂಡು ಮೇಲೆ ಬಂದವು. ಒಂದೊಂದರ ಬಾಲದ ತುದಿಯೂ ಬಿಳಿ.

ಬೇರೆ ಮೀನಾಗಿದ್ದರೆ ತಿಂಗಳಲ್ಲಿ ಗುರುತೇ ಸಿಗುತ್ತಿರಲಿಲ್ಲ. ಕತ್ತರಿಸಿದ್ದು ಬೆಳೆಯುತ್ತದೆ, ಮುಚ್ಚಿಹೋಗುತ್ತದೆ ಎಂಬ ಆ ಲ್ಯಾಬಿನ ರೂಢಿ ಉಮಾದೇವಿಯ ಕೈಗೆ ಹತ್ತಿಬಿಟ್ಟಿತ್ತು. ತಾನು ಯಾವ ಮೀನಿನ ಬಾಲ ಕದಿಯುತ್ತಿದ್ದೇನೆ ಎಂಬುದನ್ನೇ ಮರೆತಿದ್ದಳು.

"ರೆಕ್ಕಿ ಬೆಳದಾವ ಉಮಾ," ಎಂದಳು ನೌಶೀನ್. "ಕಪ್ಪು ಬಂದಿಲ್ಲ."

ಉಮಾದೇವಿ ಟ್ಯಾಂಕು ನೋಡಿದಳು. ಮುಖ ಕಪ್ಪಿಟ್ಟಿತು. ಕೇಳಿದ್ದರೆ ನಾನೇ ಮೀನು ಕೊಡುತ್ತಿದ್ದೆನಲ್ಲ, ಇಬ್ಬರೂ ಕೂಡಿ ಹುಡುಕುತ್ತಿದ್ದೆವಲ್ಲ ಎಂದು ನೌಶೀನ್ ಮನಸ್ಸಿನಲ್ಲೇ ಅಂದುಕೊಂಡಳು. ಸರ್ ಅವರನ್ನು ಕರೆತರಲು ಹೊರಟಳು. ಉಮಾಳಿಗೆಂದು ಮಾನ್ವಿಯಿಂದ ತಂದ ಮದುವೆಯ ಮಿಠಾಯಿ ಡಬ್ಬಿ ಇನ್ನೂ ಅವಳ ಕಂಕುಳಲ್ಲೇ ಇತ್ತು.