ಖಾಲಿ ಚೀಲಗಳ ಚೀಲ

ನಮ್ಮ ಹೊಸ ಯಂತ್ರ ಸುಣ್ಣದ ಪುಡಿಯ ಚೀಲ ಸೀಳಿ, ಪುಡಿಯನ್ನು ತೊಟ್ಟಿಗೆ ಸುರಿದು, ಖಾಲಿ ಚೀಲಗಳನ್ನು ಹಿಂದುಗಡೆಯ ದೊಡ್ಡ ಚೀಲಕ್ಕೆ ತುರುಕುತ್ತದೆ. ಮೇಸ್ತ್ರಿ ಹೇಳಿದ್ದು ಇಷ್ಟೇ: ತುಂಬಿದ ಚೀಲ ಯಂತ್ರದೊಳಕ್ಕೆ ಒಯ್ಯುವ ಬೆಲ್ಟಿಗೆ, ಖಾಲಿ ಚೀಲ ಅಂಗಳಕ್ಕೆ. ಹಿಂದಿನ ದೊಡ್ಡ ಚೀಲ ತುಂಬಿತೆಂದು ನನ್ನ ಭಾವ ಅದನ್ನೂ ಬೆಲ್ಟಿಗೆ ಹಾಕಿದರು. ಯಂತ್ರ ಅದನ್ನು ಸೀಳಿ, ಒಳಗಿದ್ದ ಖಾಲಿ ಚೀಲಗಳನ್ನೆಲ್ಲ ತೊಟ್ಟಿಗೆ ಸುರಿದು, ಕೆಮ್ಮಿ ನಿಂತುಹೋಯಿತು.

“ಭಾವ, ತಲೆ ನೆಟ್ಟಗಿದ್ಯಾ ನಿಮಗೆ? ಅದು ಖಾಲಿ ಚೀಲ.”

“ತುಂಬಿತ್ತಲ್ಲೋ. ಎತ್ತಿ ನನ್ನ ಸೊಂಟ ಹಿಡ್ಕೊಂಡಿದೆ.”

“ಒಳಗೆ ಏನಿತ್ತು?”

“ಏನೂ ಇಲ್ಲದ ಚೀಲಗಳು.”

ಬೈಯಬೇಕೋ ಒಪ್ಪಬೇಕೋ ತಿಳಿಯಲಿಲ್ಲ. ಇಬ್ಬರೂ ಸೇರಿ ಅವನ್ನೆಲ್ಲ ತೊಟ್ಟಿಯಿಂದ ಹೆಕ್ಕಿ, ಬೇರೊಂದು ಚೀಲಕ್ಕೆ ತುಂಬಿದೆವು. ಭಾವ ಅದರ ಬಾಯಿ ಕಟ್ಟಿ ಹೆಗಲಿಗೇರಿಸಿದರು.

“ಈಗ ಎಲ್ಲಿಗೆ?”

“ತುಂಬಿದೆಯಲ್ಲ,” ಎಂದು ರೇಗಿದೆ ನಾನು, “ಬೆಲ್ಟಿಗೆ.”